ರಾತ್ರಿ ರಸ್ತೆ ಬದಿ ನಿಲ್ಲೋ ಬೈಕಿಗೆ ಮೊದಲು ಯಾವ ಲಾಕ್? ಚೈನ್, ಡಿಸ್ಕ್ ಲಾಕ್, ಅಲಾರಂ, ಜಿಪಿಎಸ್

ಸಂಜೆಸವಾರ

ಬೆಂಗಳೂರಿನಲ್ಲಿ ಬಾಡಿಗೆ ಮನೆ. ಗೇಟಿನ ಒಳಗೆ ಓನರ್ ಕಾರಿಗೇ ಜಾಗ ಸಾಲದು, ಬೈಕ್ ರಾತ್ರಿಯಿಡೀ ರಸ್ತೆ ಬದಿಯಲ್ಲಿ. ಬಿಎಸ್6 ಕ್ಲಾಸಿಕ್ 350, ವಾರಂಟಿ ಇನ್ನೂ ಇದೆ. ಖರ್ಚಿಗೆ ಐದಾರು ಸಾವಿರ ಇಟ್ಟುಕೊಂಡಿದ್ದೇನೆ. ಆ್ಯಕ್ಸೆಸರಿ ಅಂಗಡಿಯವರು ಅಲಾರಂ ಹಾಕಿಸಿ ಅಂತಾರೆ, ಮೆಕ್ಯಾನಿಕ್ ಜಿಪಿಎಸ್ ಸಾಕು ಅಂತಾರೆ. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗಲ್ಲ. ಯಾವುದು ಮೊದಲು, ಯಾಕೆ ಅಂತ ತಿಳಿದವರು ವಿವರವಾಗಿ ಹೇಳಿ.

ಹಲ್ಲುಚಕ್ರ

ಲಾಕ್ ಆರಿಸುವ ಮೊದಲು ಬೈಕ್ ಹೇಗೆ ಹೋಗುತ್ತದೆ ಅಂತ ನೋಡಿ. ನಮ್ಮ ಊರುಗಳಲ್ಲಿ ಸಾಮಾನ್ಯ ದಾರಿ ಒಂದೇ. ಕಳ್ಳ ಸೀಟಿನ ಮೇಲೆ ಕೂತು ಹ್ಯಾಂಡಲ್‌ನ ಒಂದು ತುದಿಗೆ ಕಾಲು ಕೊಟ್ಟು ಜೋರಾಗಿ ಒದೆಯುತ್ತಾನೆ, ಇಲ್ಲವೇ ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾನೆ. ಕೀಲಿ ಸಿಲಿಂಡರಿನಿಂದ ಹೊರಬಂದು ಸ್ಟೀರಿಂಗ್ ಕಾಂಡದ ತೂತಿಗೆ ಕೂರುವ ಪಿನ್ ಉಕ್ಕಿನದೇ ಇರಬಹುದು, ಆದರೆ ಆ ಪಿನ್ನನ್ನು ಹಿಡಿದಿರುವ ಹೊರಕವಚ ಎರಕದ ಸತುವಿನ ಮಿಶ್ರಲೋಹ. ಹ್ಯಾಂಡಲ್ ಉದ್ದಕ್ಕೆ ಸಿಗುವ ಸನ್ನೆಬಲಕ್ಕೆ ಅದು ಟಪ್ ಅಂತ ಸೀಳುತ್ತದೆ. ಕೆಲವು ಸೆಕೆಂಡಿನ ಕೆಲಸ, ಸದ್ದು ಪಕ್ಕದ ಮನೆಗೂ ಕೇಳಿಸಲ್ಲ.

ಆಮೇಲೆ ಎರಡು ದಾರಿ. ಇಗ್ನಿಷನ್ ಸಾಕೆಟ್ ವೈರು ಕಿತ್ತು ಅಲ್ಲೇ ಸ್ಟಾರ್ಟ್ ಮಾಡುವುದು ಒಂದು. ಇಂಜಿನ್ ಮುಟ್ಟದೆ ನ್ಯೂಟ್ರಲ್‌ನಲ್ಲಿ ಒಬ್ಬ ಕೂರುವುದು, ಇನ್ನೊಬ್ಬ ಹಿಂದಿನ ಬೈಕಿನಿಂದ ಫುಟ್‌ರೆಸ್ಟಿಗೆ ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದು ಇನ್ನೊಂದು. ಟೆಂಪೊಗೆ ಎತ್ತಿ ಹಾಕಿಕೊಂಡು ಹೋಗುವುದು ಅಪರೂಪ, ಆದರೆ ದುಬಾರಿ ಬೈಕುಗಳಲ್ಲಿ ಆಗುತ್ತದೆ.

ಹಾಗಾಗಿ ತಡೆಯಬೇಕಾದ್ದು ಮೂರು: ಚಕ್ರ ಉರುಳಬಾರದು, ಬೈಕ್ ಎತ್ತಲು ಆಗಬಾರದು, ಇಂಜಿನ್ ಓಡಬಾರದು. ಜಿಪಿಎಸ್ ಈ ಮೂರರಲ್ಲಿ ಒಂದನ್ನೂ ತಡೆಯಲ್ಲ. ಅಲಾರಂ ಕೂಡ ತಡೆಯಲ್ಲ, ಕೂಗುತ್ತದೆ ಅಷ್ಟೆ. ನಿಮ್ಮ ದುಡ್ಡಿನಲ್ಲಿ ಮೊದಲ ಪಾಲು ಚೈನಿಗೆ, ಎರಡನೆಯದು ಇಂಜಿನ್ ಕಟ್ ಮಾಡುವ ಗುಪ್ತ ಸ್ವಿಚ್ಚಿಗೆ. ಉಳಿದರೆ ಅಲಾರಂ.

ಹ್ಯಾಂಡಲ್ ಲಾಕ್ ಹಾಕುವುದನ್ನು ಮಾತ್ರ ಬಿಡಬೇಡಿ. ಅದು ದುರ್ಬಲ ನಿಜ, ಆದರೆ ಅದಿಲ್ಲದ ಬೈಕಿಗೆ ಒದೆಯುವ ಶ್ರಮವೂ ಬೇಡ.

ಪೇಟೆಬೀದಿ

ಡಿಸ್ಕ್ ಲಾಕ್ ಯಾಕೆ ಮೊದಲಲ್ಲ? ಚೈನ್ ಹೊತ್ತು ತಿರುಗೋದು ಕಷ್ಟ. ಬ್ರೇಕ್ ಡಿಸ್ಕಿನ ತೂತಿಗೆ ಸಿಕ್ಕಿಸೋ ಡಿಸ್ಕ್ ಲಾಕ್ ಜೇಬಿನಲ್ಲಿ ಹಿಡಿಸುತ್ತೆ, ಚಕ್ರ ಉರುಳೋದನ್ನೂ ನಿಲ್ಲಿಸುತ್ತೆ.

ಹಲ್ಲುಚಕ್ರ

ಹಗಲು ಹೊತ್ತು ಆಫೀಸು, ಅಂಗಡಿ ಮುಂದೆ ಅರ್ಧ ಗಂಟೆ ನಿಲ್ಲಿಸುವಾಗ ಡಿಸ್ಕ್ ಲಾಕ್ ಚೆನ್ನ. ರಾತ್ರಿಯಿಡೀ ಅದೊಂದೇ ಸಾಲದು, ಯಾಕಂದ್ರೆ ಬೈಕನ್ನು ಅದು ಯಾವುದಕ್ಕೂ ಕಟ್ಟುವುದಿಲ್ಲ. ಮುಂದಿನ ಚಕ್ರವನ್ನು ಒಂದು ಪುಟ್ಟ ಟ್ರಾಲಿ ಮೇಲೆ ಎತ್ತಿಟ್ಟರೆ ಹಿಂದಿನ ಚಕ್ರದ ಮೇಲೆ ಬೈಕ್ ಸಲೀಸಾಗಿ ಉರುಳುತ್ತದೆ.

ಕೊಳ್ಳುವಾಗ ಪಿನ್ನಿನ ದಪ್ಪ ನೋಡಿ. ಮಾರುಕಟ್ಟೆಯಲ್ಲಿ 5.5, 6, 10, 14 ಮಿ.ಮೀ ಪಿನ್ನಿನವು ಸಿಗುತ್ತವೆ. ನಮ್ಮ ಬೈಕುಗಳ ರೋಟರಿನಲ್ಲಿ, ಅಂದರೆ ಬ್ರೇಕ್ ಡಿಸ್ಕಿನಲ್ಲಿ, ಗಾಳಿಯಾಡಲು ಕೊರೆದ ಸಣ್ಣ ತೂತುಗಳಿಗೆ ಹೆಚ್ಚಾಗಿ 5.5 ಅಥವಾ 6 ಮಾತ್ರ ಹೋಗುತ್ತದೆ. ಬೈಕನ್ನು ಅಂಗಡಿಗೆ ಒಯ್ದು ಹಾಕಿ ನೋಡಿಯೇ ದುಡ್ಡು ಕೊಡಿ.

ಲಾಕನ್ನು ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಬ್ರೇಕಿನ ಇಕ್ಕುಳ) ಒತ್ತಿಕೊಂಡಂತೆ, ಅದರ ಹಿಂಬದಿಗೆ ಹಾಕಿ. ದೂರ ಹಾಕಿದರೆ ಚಕ್ರ ಮುಕ್ಕಾಲು ಸುತ್ತು ತಿರುಗುತ್ತದೆ, ಆ ವೇಗದಲ್ಲಿ ಲಾಕ್ ಕ್ಯಾಲಿಪರಿಗೆ ಬಡಿಯುತ್ತದೆ. ಕಳ್ಳ ಹಿಂದೆ ಮುಂದೆ ಜಗ್ಗಿ ಬಡಿಸಿಯೇ ಸಣ್ಣ ಪಿನ್ ಮುರಿಯಬಲ್ಲ. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್ ಇರುವ ಬೈಕಾದರೆ ರೋಟರಿನ ಒಳಗಡೆ ಹಲ್ಲು ಹಲ್ಲಾದ ತೆಳು ತಗಡಿನ ಉಂಗುರ ಇರುತ್ತದೆ. ಲಾಕಿನ ಬಾಡಿ ಅದಕ್ಕೆ ತಾಗಬಾರದು. ಅದು ಸ್ವಲ್ಪ ಸೊಟ್ಟಾದರೂ ಸೆನ್ಸರ್ ತಪ್ಪು ಓದಿ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ.

ಲಾಕಿನ ಜೊತೆ ಬರುವ ಕೇಸರಿ ಬಣ್ಣದ ಸುರುಳಿ ದಾರವನ್ನು ಎಸೆಯಬೇಡಿ. ಒಂದು ತುದಿ ಲಾಕಿಗೆ, ಇನ್ನೊಂದು ಬಲಗೈ ಗ್ರಿಪ್ಪಿಗೆ ಕಟ್ಟಿ. ಲಾಕ್ ಮರೆತು ಗಾಡಿ ಎತ್ತಿದರೆ ಕ್ಯಾಲಿಪರ್ ಬ್ರಾಕೆಟ್ ಮುರಿಯುತ್ತದೆ, ಸವಾರ ಬೀಳುತ್ತಾನೆ.

ಘಟ್ಟದಸಾಲು

ಚೈನ್ ಬಗ್ಗೆ ನಾನು ಬರೀತೀನಿ, ಇದರಲ್ಲೇ ಜನ ಹೆಚ್ಚು ಮೋಸ ಹೋಗೋದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ಜಿಐ (ಸತು ಲೇಪಿಸಿದ) ಚೈನ್ ಮೆದು ಉಕ್ಕು. 10 ಮಿ.ಮೀ ದಪ್ಪ ಇದ್ದರೂ 36 ಇಂಚಿನ ಬೋಲ್ಟ್ ಕಟರ್ ಒಂದೇ ಒತ್ತಿಗೆ ಕತ್ತರಿಸುತ್ತದೆ. ಬೇಕಿರುವುದು ಹದಗೊಳಿಸಿದ, ಅಂದರೆ ಹಾರ್ಡನ್ ಮಾಡಿದ ಉಕ್ಕಿನ ಕೊಂಡಿ. ಗುರುತಿಸೋದು ಸುಲಭ. ಒಂದು ಹೊಸ ಅರ ತಗೊಂಡು ಕೊಂಡಿಯ ಮೂಲೆಯಲ್ಲಿ ಎರಡು ಸಲ ಉಜ್ಜಿ. ಮೆದು ಉಕ್ಕಾದರೆ ಅರ ಕಚ್ಚಿ ಹೊಳೆಯುವ ಗೀರು ಬೀಳುತ್ತೆ, ಬೆರಳಿಗೆ ಪುಡಿ ಅಂಟುತ್ತೆ. ಹಾರ್ಡನ್ ಆದದ್ದಾದರೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತೆ, ಮೇಲಿನ ಲೇಪ ಮಾತ್ರ ಹೋಗುತ್ತೆ. ಅಂಗಡಿಯವರು ಉಜ್ಜಲು ಬಿಡದಿದ್ದರೆ ಬೇರೆ ಅಂಗಡಿ ನೋಡಿ.

ದಪ್ಪ: 10 ಮಿ.ಮೀ ಚೈನ್ ಮೀಟರಿಗೆ ಎರಡು ಕೆ.ಜಿ. ದಾಟುತ್ತೆ, ಬ್ಯಾಗಿನಲ್ಲಿ ಒಯ್ಯಬಹುದು. 13 ಮಿ.ಮೀ ಅಂದರೆ ಮೀಟರಿಗೆ ಮೂರೂವರೆ, ನಾಲ್ಕು ಕೆ.ಜಿ. 16 ಮಿ.ಮೀ ಕೈ ಕಟರಿಗೆ ಬಗ್ಗಲ್ಲ, ಆದರೆ ಮೀಟರಿಗೆ ಐದು ಕೆ.ಜಿ. ಮೇಲಾಗುತ್ತೆ, ಮನೆ ಹತ್ತಿರವೇ ಬಿಟ್ಟು ಬಳಸಬೇಕು. ನಿಮ್ಮ ವಿಷಯದಲ್ಲಿ ಬೈಕ್ ದಿನಾ ಒಂದೇ ಕಡೆ ನಿಲ್ಲೋದರಿಂದ 13 ತಗೊಳ್ಳಿ, ಹಗಲು ಮನೆಯಲ್ಲೇ ಇಡಿ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್, ನೆದರ್ಲೆಂಡ್ಸಿನ ಎಆರ್‌ಟಿ ಎಂಬ ಸಂಸ್ಥೆಗಳು ಲಾಕುಗಳನ್ನು ಒಡೆದು ನೋಡಿ ದರ್ಜೆ ಕೊಡುತ್ತವೆ. ಆ ಮುದ್ರೆ ಇದ್ದರೆ ನಂಬಬಹುದು. ಪೆಟ್ಟಿಗೆ ಮೇಲೆ ಅಚ್ಚಾದ ಹತ್ತರಲ್ಲಿ ಎಂಟು, ಹತ್ತರಲ್ಲಿ ಒಂಬತ್ತು ಎಂಬ ಅಂಕ ಕಂಪನಿ ತನಗೆ ತಾನೇ ಕೊಟ್ಟುಕೊಂಡಿದ್ದು.

ಪ್ಯಾಡ್‌ಲಾಕ್ ಕೊಂಡಿ ಚೈನಿಗಿಂತ ತೆಳ್ಳಗಿದ್ದರೆ ಚೈನಿಗೆ ಕೊಟ್ಟ ದುಡ್ಡು ದಂಡ. ಬಾಗಿಲಿನ ಬೀಗದ ಕೊಂಡಿ ಸಾಮಾನ್ಯವಾಗಿ 8–10 ಮಿ.ಮೀ. ಕೊಂಡಿ ಹೊರಗೆ ಕಾಣದಂತೆ ಭುಜ ಎತ್ತರಿಸಿದ ಬೀಗ ಸಿಕ್ಕರೆ ಅದು ಒಳ್ಳೇದು, ಕಟರಿನ ಬಾಯಿ ಒಳಗೆ ಹೋಗಲ್ಲ. ಪ್ಲಾಸ್ಟಿಕ್ ಕೊಳವೆ ಹೊದ್ದ ಕೇಬಲ್ ಲಾಕ್ ಹೆಲ್ಮೆಟ್ಟಿಗೆ ಸರಿ, ಬೈಕಿಗಲ್ಲ. ಒಳಗಿರುವುದು ತೆಳು ತಂತಿ ಹೆಣಿಗೆ.

ಹಾಕುವ ರೀತಿ ಇನ್ನೂ ಮುಖ್ಯ. ಹಿಂದಿನ ಚಕ್ರದ ಒಳಗಿಂದ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಸುತ್ತಿಸಿ, ಅಲ್ಲಿಂದ ಗಟ್ಟಿಯಾದ ಒಂದು ವಸ್ತುವಿಗೆ. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ ಆ್ಯಕ್ಸಲ್ ಬಿಚ್ಚಿ ಚಕ್ರ ಬಿಟ್ಟು ಬೈಕ್ ಒಯ್ಯಬಹುದು. ಚೈನ್ ನೆಲಕ್ಕೆ ಬೀಳದಂತೆ ಬಿಗಿಯಾಗಿ ಎತ್ತರದಲ್ಲಿ ಸುತ್ತಿ. ನೆಲದ ಮೇಲಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರವಿಡೀ ಹಾಕಿ ಒತ್ತುತ್ತಾರೆ. ಸುತ್ತಿಗೆ ಪೆಟ್ಟಿಗೂ ನೆಲವೇ ಅಡಿಗಲ್ಲಾಗುತ್ತೆ. ಗಾಳಿಯಲ್ಲಿದ್ದರೆ ತೋಳಿನ ಬಲ ಮಾತ್ರ.

ಬ್ಯಾಟರಿ ಗ್ರೈಂಡರ್ ತಂದವನ ಮುಂದೆ ಇವೆಲ್ಲವೂ ನಿಮಿಷಗಳ ಲೆಕ್ಕ. ಆದರೆ ಗ್ರೈಂಡರಿನ ಕಿಡಿ, ಸದ್ದು ರಾತ್ರಿ ಎರಡು ಗಂಟೆಗೆ ಇಡೀ ಬೀದಿ ಎಬ್ಬಿಸುತ್ತೆ. ಹ್ಯಾಂಡಲ್ ಒದೆಯಲು ಬಂದವನು ಅದನ್ನು ಹೊತ್ತು ಬಂದಿರಲ್ಲ.

ಸಂಜೆಸವಾರ

ಮನೆ ಎದುರು ಬೆಸ್ಕಾಂ ಕಂಬ ಇದೆ, ಅದಕ್ಕೆ ಕಟ್ಟಬಹುದಾ?

ಕೆಂಪುವೈರು

ಖಂಡಿತ ಬೇಡ. ಮಳೆಗಾಲದಲ್ಲಿ ಕಬ್ಬಿಣದ ಕಂಬಕ್ಕೆ ಕರೆಂಟ್ ಸೋರಿದರೆ ಚೈನ್ ಮೂಲಕ ಇಡೀ ಬೈಕಿಗೆ ಬರುತ್ತೆ. ಬೀದಿದೀಪದ ಕಂಬಕ್ಕೂ ಅದೇ ಮಾತು. ನೋ ಪಾರ್ಕಿಂಗ್ ಬೋರ್ಡಿನ ಪೈಪ್ ಆದರೆ ಗಿಡ್ಡ ಇರುತ್ತೆ, ಚೈನನ್ನು ಮೇಲಿಂದ ಎತ್ತಿ ತೆಗೀಬಹುದು, ಇಲ್ಲವೇ ಪೈಪನ್ನೇ ಅಲ್ಲಾಡಿಸಿ ಕೀಳಬಹುದು.

ಏನೂ ಇಲ್ಲದಿದ್ದರೆ ಪಕ್ಕದ ಮನೆಯವರ ಬೈಕಿಗೆ ನಿಮ್ಮದನ್ನು ಸೇರಿಸಿ ಕಟ್ಟಿ, ಒಂದರ ಮೂತಿ ಆ ಕಡೆ, ಇನ್ನೊಂದರದು ಈ ಕಡೆ. 195 ಕೆ.ಜಿ.ಯ ನಿಮ್ಮ ಬೈಕಿನ ಜೊತೆ ಇನ್ನೊಂದು ಸೇರಿದರೆ ತಳ್ಳಲೂ ಆಗಲ್ಲ, ಎತ್ತಲೂ ಆಗಲ್ಲ. ಕೀಲಿ ಎರಡು ಮನೆಯಲ್ಲೂ ಇರಲಿ.

ಘಟ್ಟದಸಾಲು

ಓನರ್ ಒಪ್ಪಿದರೆ ಗೋಡೆ ಬುಡದ ಮಣ್ಣಿನಲ್ಲಿ ಒಂದು ಆಂಕರ್ ಹೂಳಿಸಿ. ಬಾಡಿಗೆ ಮನೆಗೂ ಇದು ಲಾಭವೇ, ಓನರಿಗೂ ಉಳಿಯುತ್ತೆ. ವೆಲ್ಡಿಂಗ್ ಶಾಪಿನಲ್ಲಿ 20 ಮಿ.ಮೀ ಸರಳನ್ನು ತಲೆಕೆಳಗಾದ ಯು ಆಕಾರಕ್ಕೆ ಬಗ್ಗಿಸಿ, ಒಳಗಲ 60 ಮಿ.ಮೀ ಇರಲಿ, 13ರ ಚೈನ್ ಕೊಳವೆ ಸಮೇತ ನುಗ್ಗಬೇಕು. ಕಾಲುಗಳು 350 ಮಿ.ಮೀ ಉದ್ದ, ತುದಿಯಲ್ಲಿ 12 ಮಿ.ಮೀ ಸರಳು ಅಡ್ಡಡ್ಡಲಾಗಿ ವೆಲ್ಡ್ ಮಾಡಿಸಿ. ಆ ಅಡ್ಡ ಸರಳು ಇಲ್ಲದಿದ್ದರೆ ಸನ್ನೆ ಹಾಕಿ ಮೇಲಕ್ಕೆ ಎಬ್ಬಿಸಿದಾಗ ಕಾಂಕ್ರೀಟಿನಿಂದ ಜಾರಿ ಬರುತ್ತೆ.

ಗುಂಡಿ 300 ಮಿ.ಮೀ ಉದ್ದ, ಅಷ್ಟೇ ಅಗಲ, 400 ಮಿ.ಮೀ ಆಳ. ಸಿಮೆಂಟ್, ಮರಳು, ಜಲ್ಲಿ 1:1.5:3. ಒಂದು ಮೂಟೆ ಸಿಮೆಂಟಿನಲ್ಲಿ ಮೂರನೇ ಒಂದು ಭಾಗವೂ ಬೇಕಾಗಲ್ಲ. ನೀರು ಹೆಚ್ಚು ಹಾಕಿ ಪಾಯಸ ಮಾಡಬೇಡಿ, ಬಲ ಕಳೆಯುತ್ತೆ. ಏಳು ದಿನ ಗೋಣಿ ತಾಟು ಹೊದಿಸಿ ನೀರುಣಿಸಿ, ಆಮೇಲೆ ಚೈನ್ ಹಾಕಿ. ನಡೆಯುವ ದಾರಿಯಲ್ಲಿ ಯಾರೂ ಎಡವದಂತೆ ಗೋಡೆಗೆ ಅಂಟಿಕೊಂಡೇ ಇರಲಿ. ಸಾರ್ವಜನಿಕ ಫುಟ್‌ಪಾತ್ ಅಗೆಯಬೇಡಿ.

ಅಪಾರ್ಟ್‌ಮೆಂಟ್‌ನವರು ಓದುತ್ತಿದ್ದರೆ: ಬೇಸ್‌ಮೆಂಟ್ ಚಪ್ಪಡಿಗೆ ಡ್ರಿಲ್ ಹಾಕೋ ಮುಂಚೆ ಅಸೋಸಿಯೇಷನ್ ಇಂಜಿನಿಯರನ್ನು ಕೇಳಿ. ಕೆಳಗೆ ಇನ್ನೊಂದು ಮಹಡಿ ಇದ್ದರೆ ನೀರು ಸೋರಿಕೆ ಶುರುವಾಗುತ್ತೆ, ಬಿಗಿದೆಳೆದ ಕೇಬಲ್ ಇರುವ ಚಪ್ಪಡಿಯಾದರೆ ಅಪಾಯವೇ.

ಕೆಂಪುವೈರು

ಈಗ ಅಲಾರಂ ಮತ್ತು ಗುಪ್ತ ಸ್ವಿಚ್. ಮೊದಲು ಬ್ಯಾಟರಿ ಲೆಕ್ಕ, ಅಂಗಡಿಯವರು ಇದನ್ನು ಹೇಳೋದೇ ಇಲ್ಲ.

ನಿಮ್ಮ ಬ್ಯಾಟರಿ 12 ವೋಲ್ಟ್ 8 ಎಎಚ್ (ಆ್ಯಂಪ್ ಅವರ್). ಅಗ್ಗದ ಅಲಾರಂ ಕಾವಲು ಸ್ಥಿತಿಯಲ್ಲಿ ಸುಮಾರು 10 ಮಿಲಿಆ್ಯಂಪ್ ಕುಡಿಯುತ್ತೆ, ಜಿಪಿಎಸ್ ನಿದ್ದೆಯಲ್ಲಿ 5, ಬೈಕ್ ತಾನೇ ಒಂದೆರಡು. ಒಟ್ಟು 16 ಅಂದುಕೊಳ್ಳಿ. ದಿನಕ್ಕೆ 0.38 ಎಎಚ್. ಅರ್ಧ ಬ್ಯಾಟರಿ ಹತ್ತು ಹನ್ನೊಂದು ದಿನಕ್ಕೆ ಖಾಲಿ. ಹೊಸ ಕ್ಲಾಸಿಕ್ಕಿಗೆ ಕಿಕ್ಕರ್ ಇಲ್ಲ, ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದರೆ ಸೆಲ್ಫ್ ಹೊಡೆಯಲ್ಲ. ಹಾಕಿಸಿದ ಮೇಲೆ ನೀವೇ ಅಳೆಯಿರಿ: ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ನಡುವೆ ಮಲ್ಟಿಮೀಟರ್ ಸೇರಿಸಿ. ಮೊದಲು 10 ಆ್ಯಂಪ್ ರೇಂಜಿನಲ್ಲಿ, ಆಮೇಲೆ ಮಿಲಿಆ್ಯಂಪಿನಲ್ಲಿ. ಮೀಟರ್ ಇರುವಾಗ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. 20 ದಾಟಿದರೆ ಆ ಅಲಾರಂ ವಾಪಸ್ ಕೊಡಿ.

ಅಲಾರಂ ಕೊಳ್ಳುವಾಗ ರಿಮೋಟಿಗೆ ಪ್ರತಿ ಸಲ ಬದಲಾಗುವ ರೋಲಿಂಗ್ ಕೋಡ್ ಇರಬೇಕು. ಫಿಕ್ಸೆಡ್ ಕೋಡ್ ರಿಮೋಟನ್ನು ಕೆಲವು ನೂರು ರೂಪಾಯಿಯ ಕಾಪಿ ರಿಮೋಟ್ ನಕಲು ಮಾಡುತ್ತೆ. ರಿಮೋಟಿನಲ್ಲೇ ಇಂಜಿನ್ ಸ್ಟಾರ್ಟ್ ಆಗೋ ಮಾಡೆಲ್ ಬೇಡವೇ ಬೇಡ. ಅದಕ್ಕಾಗಿ ಇಗ್ನಿಷನ್ನಿಗೆ ಸಮಾನಾಂತರ ವೈರ್ ಎಳೆದಿರುತ್ತಾರೆ, ಅಂದರೆ ಕಳ್ಳ ಮಾಡಬೇಕಾದ ಕೆಲಸವನ್ನು ನೀವೇ ಮಾಡಿಟ್ಟಂತೆ. ಗೇರಿನಲ್ಲಿದ್ದಾಗ ಗುಂಡಿ ಒತ್ತಿದರೆ ಬೈಕ್ ಮುಂದಕ್ಕೆ ನೆಗೆಯುವುದೂ ಉಂಟು.

ಅಲಾರಂ ಪ್ಲಸ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ 5 ಆ್ಯಂಪ್ ಫ್ಯೂಸ್ ಹಾಕಿಸಿ. ಸೈರನ್ ಬಾಯಿ ಕೆಳಮುಖ ಇರಲಿ, ನೀರು ನಿಲ್ಲಬಾರದು, ಹೊರಗಿಂದ ಅದರ ವೈರ್ ಕೈಗೆ ಸಿಗಬಾರದು. ಕಂಪನ ಸೆನ್ಸರಿನ ಸೂಕ್ಷ್ಮತೆ ಕಡಿಮೆ ಇಡಿ. ಬಸ್ ಹೋದಾಗಲೆಲ್ಲ, ಬೆಕ್ಕು ಸೀಟಿಗೆ ಹಾರಿದಾಗಲೆಲ್ಲ ಕೂಗಿದರೆ ವಾರದಲ್ಲಿ ಬೀದಿಯವರು ಗಮನಿಸೋದು ಬಿಡುತ್ತಾರೆ, ಆಮೇಲೆ ನಿಜವಾಗಿ ಕೂಗಿದಾಗ ಯಾರೂ ಕಿಟಕಿ ತೆಗೆಯಲ್ಲ. ಹ್ಯಾಂಡಲ್ ಜೋರಾಗಿ ಅಲ್ಲಾಡಿಸಿದಾಗ ಮಾತ್ರ ಕೂಗುವಂತೆ ಹೊಂದಿಸಿ.

ಗುಪ್ತ ಸ್ವಿಚ್: ಸೆಲ್ಫ್ ಸ್ಟಾರ್ಟ್ ವೈರಿಗೆ ಹಾಕಿ ಸುಮ್ಮನಾಗುವವರು ಬಹಳ. ಅದು ಪ್ರಯೋಜನವಿಲ್ಲ, ಎರಡನೇ ಗೇರಿನಲ್ಲಿ ತಳ್ಳಿ ಕ್ಲಚ್ ಬಿಟ್ಟರೆ ಇಂಜಿನ್ ಹತ್ತುತ್ತೆ. ಕಟ್ ಮಾಡಬೇಕಾದ್ದು ಫ್ಯೂಯಲ್ ಪಂಪ್. ಪಂಪಿನ ಪ್ಲಸ್ ವೈರಿನಲ್ಲಿ ನೇರವಾಗಿ ಸ್ವಿಚ್ ಹಾಕುವುದಾದರೆ 12 ವೋಲ್ಟ್ ಡಿಸಿ 10 ಆ್ಯಂಪಿನದು ಬೇಕು, ವೈರ್ 1 ಚದರ ಮಿ.ಮೀ. ಮನೆ ಲೈಟಿನ ಪುಟ್ಟ ಸ್ವಿಚ್ ಹಾಕಿದರೆ ಕಾಂಟ್ಯಾಕ್ಟ್ ಸುಟ್ಟು ಹೆದ್ದಾರಿ ಮಧ್ಯೆ ಗಾಡಿ ನಿಲ್ಲುತ್ತೆ. ಟೇಪ್ ಸುತ್ತಿದ ಜೋಡಣೆ ಬೇಡ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ.

ಇದಕ್ಕಿಂತ ಅಚ್ಚುಕಟ್ಟು ಅಂದ್ರೆ 30 ಆ್ಯಂಪ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ ಅದರ ಕಾಯಿಲ್ ವೈರಿಗೆ ಮಾತ್ರ ಸ್ವಿಚ್. ಕಾಯಿಲ್ 150 ಮಿಲಿಆ್ಯಂಪ್ ಆಸುಪಾಸು ಎಳೆಯೋದರಿಂದ ಆಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ರೀಡ್ ಸ್ವಿಚ್ ಕೂಡ ಸಾಕು. ಪ್ಲಾಸ್ಟಿಕ್ ಸೈಡ್ ಪ್ಯಾನೆಲ್ ಒಳಗೆ ರೀಡ್ ಅಂಟಿಸಿ, ಹೊರಗಿಂದ ಕೀ ಗೊಂಚಲಿನ ಆಯಸ್ಕಾಂತ ತೋರಿಸಿದಾಗ ರಿಲೇ ತನ್ನನ್ನು ತಾನೇ ಹಿಡಿದುಕೊಳ್ಳುವಂತೆ ವೈರ್ ಮಾಡಿ, ಕೀ ಆಫ್ ಆದಾಗ ಬಿಡುತ್ತೆ. ಹೊರಗೆ ಏನೂ ಕಾಣಲ್ಲ. ಪ್ಯಾನೆಲ್ ಕಬ್ಬಿಣದ್ದಾದರೆ ಆಯಸ್ಕಾಂತದ ಬಲ ಒಳಗೆ ತಲುಪಲ್ಲ, ಪ್ಲಾಸ್ಟಿಕ್ ಜಾಗವನ್ನೇ ಹುಡುಕಿ. ಕಾಯಿಲ್ ಎರಡೂ ತುದಿಗೆ 1ಎನ್4007 ಡಯೋಡ್ ಮರೆಯಬೇಡಿ, ಗೆರೆ ಇರುವ ಕಡೆ ಪ್ಲಸ್ಸಿಗೆ. ಅದಿಲ್ಲದಿದ್ದರೆ ಕಾಯಿಲ್ ಬಿಡುವಾಗಿನ ವೋಲ್ಟೇಜ್ ಕಿಡಿಗೆ ರೀಡ್ ಕಾಂಟ್ಯಾಕ್ಟ್ ಅಂಟಿಕೊಂಡು ಬಿಡುತ್ತೆ, ಆಮೇಲೆ ಬೈಕ್ ಯಾವಾಗಲೂ ತೆರೆದೇ ಇರುತ್ತೆ, ನಿಮಗೆ ಗೊತ್ತೂ ಆಗಲ್ಲ. ತಿಂಗಳಿಗೊಮ್ಮೆ ಆಯಸ್ಕಾಂತ ತೋರಿಸದೆ ಸ್ಟಾರ್ಟ್ ಮಾಡಿ ನೋಡಿ.

ಪಂಪ್ ಕಟ್ ಆಗಿದ್ದರೂ ಪೈಪಿನಲ್ಲಿ ಉಳಿದ ಒತ್ತಡಕ್ಕೆ ಇಂಜಿನ್ ಕೆಲ ಸೆಕೆಂಡು ಓಡಿ ನಿಲ್ಲಬಹುದು. ಸ್ವಿಚ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸ್ವಿಚ್ ಸೀಟಿನ ಕೆಳಗೆ ಇಡಬೇಡಿ, ಮೊದಲು ಹುಡುಕೋದೇ ಅಲ್ಲಿ.

ಪೇಟೆಬೀದಿ

ವಾರಂಟಿ ಇರೋ ಬೈಕಿನ ವೈರಿಂಗ್ ಹಾರ್ನೆಸ್ ಕತ್ತರಿಸಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ನಾಳೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಕೆಟ್ಟರೆ ಸರ್ವೀಸ್ ಸೆಂಟರ್‌ನವರು ಮೊದಲು ತೋರಿಸೋದೇ ಆ ಬೆಸುಗೆ.

ಕೆಂಪುವೈರು

ಸರಿಯಾದ ಮಾತು. ವಾರಂಟಿ ಇರುವಾಗ ಎರಡು ದಾರಿ. ಪಂಪ್ ಕಪ್ಲರಿಗೆ (ವೈರು ಸೇರಿಸುವ ಪ್ಲಗ್) ಹೊಂದುವ ಗಂಡು, ಹೆಣ್ಣು ಕಪ್ಲರ್ ಜೋಡಿ ತಗೊಂಡು ನಡುವೆ ಸೇರಿಸುವ ಪುಟ್ಟ ವೈರಿಂಗ್ ಮಾಡಿಕೊಳ್ಳಿ, ಸರ್ವೀಸಿಗೆ ಕೊಡುವಾಗ ಬಿಚ್ಚಿ ಮೂಲ ಕಪ್ಲರ್ ಸೇರಿಸಿ. ಅದು ಸಿಗದಿದ್ದರೆ ರಾತ್ರಿ ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು ಒಳಗೆ ಒಯ್ಯಿರಿ. ಒಂದು ವೈರನ್ನೂ ಮುಟ್ಟಿದಂತಾಗಲ್ಲ. ದಿನಾ ಕಿತ್ತು ಹಾಕಿದರೆ ಹಿಡಿ ಸಡಿಲವಾಗುತ್ತೆ, ಅದಕ್ಕೇ ಇದು ಊರಿಗೆ ಹೋಗುವಾಗಿನ ಉಪಾಯ, ನಿತ್ಯದ್ದಲ್ಲ.

ಹಾವೇರಿಮಂದಿ

ನಮ್ದು ಹಳೇ ಸ್ಪ್ಲೆಂಡರ್ ಐತ್ರಿ, ಕಾರ್ಬೊರೇಟರಿಂದು. ಫ್ಯೂಯಲ್ ಪಂಪ್ ಇಲ್ಲ. ಸಂತಿ ದಿನ ಬಸ್ ಸ್ಟ್ಯಾಂಡ್ ಕಡೆ ನಿಲ್ಸೂದು ಇರ್ತದ. ಇದಕ್ಕೇನ್ ಮಾಡಬೇಕ್ರಿ?

ಕೆಂಪುವೈರು

ಹಳೇ ಸ್ಪ್ಲೆಂಡರಿಗೆ ಇನ್ನೂ ಸುಲಭ. ಅದರಲ್ಲಿ ಕೀ ಆಫ್ ಮಾಡಿದಾಗ ಸಿಡಿಐಗೆ (ಸ್ಪಾರ್ಕ್ ಕೊಡಿಸುವ ಪೆಟ್ಟಿಗೆ) ಹೋಗುವ ಕಪ್ಪು-ಬಿಳಿ ವೈರ್ ಅರ್ತ್ ಆಗುತ್ತೆ, ಅದಕ್ಕೇ ಸ್ಪಾರ್ಕ್ ನಿಲ್ಲೋದು. ಕಳ್ಳ ಕೀ ಸಾಕೆಟ್ಟಿನ ಕಪ್ಲರ್ ಕಿತ್ತ ಕೂಡಲೇ ಆ ಅರ್ತ್ ತಪ್ಪುತ್ತೆ, ಒಂದೇ ಕಿಕ್ಕಿಗೆ ಸ್ಟಾರ್ಟ್. ನೀವು ಮಾಡಬೇಕಾದ್ದು: ಸಿಡಿಐ ಪಕ್ಕದಲ್ಲೇ ಕಪ್ಪು-ಬಿಳಿ ವೈರಿಗೆ ಇನ್ನೊಂದು ವೈರ್ ಸೇರಿಸಿ, ಗುಪ್ತ ಸ್ವಿಚ್ ಮೂಲಕ ಚಾಸಿಸ್ಸಿಗೆ ಕೊಡಿ. ಸ್ವಿಚ್ ಆನ್ ಇದ್ದರೆ ಸಾಕೆಟ್ ಕಿತ್ತರೂ ಸ್ಪಾರ್ಕ್ ಬರಲ್ಲ. ಹೆಡ್‌ಲೈಟ್ ಹತ್ತಿರ ಸೇರಿಸಿದರೆ ಸಾಕೆಟ್ ಜೊತೆ ಅದೂ ಕಿತ್ತುಹೋಗುತ್ತೆ, ಸಿಡಿಐ ಹತ್ತಿರವೇ ಆಗಬೇಕು. ಬ್ಯಾಟರಿಗೆ ಭಾರವಿಲ್ಲ.

ಚೆಕ್ ಮಾಡೋದು: ಸ್ವಿಚ್ ಆನ್ ಮಾಡಿ, ಕೀ ಆನ್ ಮಾಡಿ, ಕಿಕ್ ಹೊಡೀರಿ. ಹತ್ತಬಾರದು. ಮತ್ತೆ, ಹಳೇ ಗಾಡಿಯ ಕೀ ಸವೆದಿದ್ದರೆ ಬೇರೆ ಗಾಡಿ ಕೀಗೂ ತಿರುಗುತ್ತೆ. ಅಲ್ಲಾಡುವ ಕೀ ಇದ್ದರೆ ಲಾಕ್ ಸೆಟ್ ಬದಲಾಯಿಸಿ.

ಹಾವೇರಿಮಂದಿ

ತಿಳೀತ್ರಿ. ಸ್ವಿಚ್ ಜೊತಿ ಹಿಂದಿನ ಗಾಲಿಗೆ ಚೈನೂ ಹಾಕ್ತೀನಿ, ಡ್ರಮ್ ಬ್ರೇಕ್ ಇರೂದಕ್ಕ ಡಿಸ್ಕ್ ಲಾಕ್ ಕೂಡೂದಿಲ್ಲ.

ಮೋಡಕವಿದಊರು

ಜಿಪಿಎಸ್ ಬಗ್ಗೆ ಎರಡು ಮಾತು. ಇದು ಕಳ್ಳತನವಾದ ಮೇಲಿನ ಸಾಧನ, ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಬಹಳ ಬೆಲೆಯುಳ್ಳದ್ದು. ಒಳಗಿನ ಸಿಮ್ ಯಾವ ನೆಟ್‌ವರ್ಕಿನದು ಕೇಳಿ. 2ಜಿ ಮಾತ್ರ ಇರುವ ಸಾಧನದಲ್ಲಿ ಜಿಯೋ ಸಿಮ್ ಕೆಲಸ ಮಾಡಲ್ಲ, ಜಿಯೋಗೆ 2ಜಿ ಇಲ್ಲ. 4ಜಿ ಸಾಧನ ತಗೊಳ್ಳೋದು ವಾಸಿ. ಒಳಗೆ ಸ್ವಂತ ಬ್ಯಾಟರಿ ಇರಬೇಕು, ಬೈಕಿನ ಬ್ಯಾಟರಿ ಕಿತ್ತ ತಕ್ಷಣ ಫೋನಿಗೆ ಎಚ್ಚರಿಕೆ ಬರಬೇಕು. ಆ್ಯಂಟೆನಾ ಮುಖ ಆಕಾಶದ ಕಡೆ, ಮೇಲೆ ಪ್ಲಾಸ್ಟಿಕ್ ಇರಲಿ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಇಟ್ಟರೆ ಉಪಗ್ರಹದ ಸಂಕೇತ ಸಿಗಲ್ಲ.

ಆ್ಯಪಲ್ ಕಂಪನಿಯ ಪುಟ್ಟ ಪತ್ತೆಬಿಲ್ಲೆ ಏರ್‌ಟ್ಯಾಗ್ ಹಾಕಿ ಸಾಕು ಅನ್ನೋರಿದ್ದಾರೆ. ಅದು ಗೊತ್ತಿಲ್ಲದವರ ಜೊತೆ ಸಾಗುತ್ತಿದ್ದರೆ ಅವರ ಫೋನಿಗೇ ಸೂಚನೆ ಕೊಡುತ್ತದೆ, ಆಮೇಲೆ ಸದ್ದೂ ಮಾಡುತ್ತದೆ. ಬೆನ್ನುಹತ್ತುವವರಿಂದ ಜನರನ್ನು ಕಾಪಾಡಲು ಮಾಡಿದ ಒಳ್ಳೆಯ ವ್ಯವಸ್ಥೆ ಅದು, ಕಳ್ಳನಿಗೂ ಅದೇ ಸಹಾಯವಾಗುತ್ತದೆ. ಎರಡನೇ ಸಾಧನವಾಗಿ ಇರಲಿ, ಏಕೈಕ ಸಾಧನವಾಗಿ ಬೇಡ. ಮ್ಯಾಪಿನಲ್ಲಿ ಬೈಕ್ ಕಂಡಾಗ ಒಬ್ಬರೇ ಹುಡುಕಿಕೊಂಡು ಹೋಗಬೇಡಿ, 112ಕ್ಕೆ ಕರೆ ಮಾಡಿ ಪೊಲೀಸರ ಜೊತೆ ಹೋಗಿ.

ಪಾಲಿಸಿಪುಟ

ಯಾರೂ ಇನ್ಶೂರೆನ್ಸ್ ಮಾತೆತ್ತಲಿಲ್ಲ. ಸಂಜೆಸವಾರ ಅವರೇ, ಇವತ್ತೇ ಪಾಲಿಸಿ ತೆಗೆದು ನೋಡಿ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಜೊತೆಗೆ ಬರುವ ಓನ್ ಡ್ಯಾಮೇಜ್ ಭಾಗ ಹೆಚ್ಚಾಗಿ ಒಂದೇ ವರ್ಷದ್ದು. ಪಾಲಿಸಿ ಐದು ವರ್ಷ ಇದೆ ಅಂತ ನವೀಕರಿಸದೆ ಬಿಟ್ಟವರಿಗೆ ಎರಡನೇ ವರ್ಷ ಬೈಕ್ ಕಳುವಾದರೆ ಒಂದು ರೂಪಾಯಿಯೂ ಬರುವುದಿಲ್ಲ, ಯಾಕಂದರೆ ಕಳವಿಗೆ ಪರಿಹಾರ ಕೊಡುವುದು ಓನ್ ಡ್ಯಾಮೇಜ್ ಭಾಗ.

ಎರಡೂ ಕೀ ಜೋಪಾನ. ಕ್ಲೇಮಿಗೆ ಎರಡನ್ನೂ ಕೇಳುತ್ತಾರೆ. ಒಂದು ಕಳೆದಿದ್ದರೆ ಈಗಲೇ ಲಾಕ್ ಸೆಟ್ ಬದಲಾಯಿಸಿ ಬಿಲ್ ಇಟ್ಟುಕೊಳ್ಳಿ. ಕೀ ಗೊಂಚಲಿನ ಜೊತೆ ಬರುವ ನಂಬರ್ ಇರುವ ಲೋಹದ ಬಿಲ್ಲೆಯನ್ನು ಗೊಂಚಲಿನಿಂದ ತೆಗೆದು ಮನೆಯಲ್ಲಿಡಿ, ಆ ನಂಬರಿನಿಂದ ಕೀ ಮಾಡಿಸಬಹುದು. ಆರ್‌ಸಿ ಮೂಲಪ್ರತಿ ಬೈಕಿನ ಡಬ್ಬಿಯಲ್ಲಿ ಬೇಡ.

ಕಳುವಾದರೆ ಅದೇ ದಿನ ದೂರು. ಆರೋಪಿ ಯಾರೆಂದು ಗೊತ್ತಿಲ್ಲದ ವಾಹನ ಕಳವಿಗೆ ಕರ್ನಾಟಕ ಪೊಲೀಸರ ನಾಗರಿಕ ಪೋರ್ಟಲ್‌ನಲ್ಲಿ ಇ-ಎಫ್‌ಐಆರ್ ಸೌಲಭ್ಯ ಇದೆ. ಆನ್‌ಲೈನ್ ಕೊಟ್ಟ ಮಾಹಿತಿಗೆ ಮೂರು ದಿನದೊಳಗೆ ಸಹಿ ಹಾಕಬೇಕು ಅಂತ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಂ ಹೇಳುತ್ತದೆ. ಎಫ್‌ಐಆರ್‌ನಲ್ಲಿ ಕಳ್ಳತನದ ಕಲಂ ಆದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 303(2) ಹಾಕಿರುತ್ತಾರೆ. ಚಾಸಿಸ್ ನಂಬರ್, ಇಂಜಿನ್ ನಂಬರ್ ತಪ್ಪಿಲ್ಲದೆ ಬಂದಿದೆಯೇ ಒಂದೊಂದೇ ಅಕ್ಷರ ಓದಿ ನೋಡಿ, ಒಂದು ಅಂಕಿ ತಪ್ಪಿದರೆ ಕ್ಲೇಮ್ ತಿಂಗಳುಗಟ್ಟಲೆ ಎಳೆಯುತ್ತದೆ. ವಿಮಾ ಕಂಪನಿಗೂ ಅದೇ ದಿನ ಲಿಖಿತವಾಗಿ ತಿಳಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಆದರೂ ಕೋರ್ಟಿನ ತನಕ ಹೋಗುವ ಪರಿಸ್ಥಿತಿ ತಂದುಕೊಳ್ಳಬೇಡಿ. ಕೊನೆಗೆ ಬೈಕ್ ಪತ್ತೆಯಾಗಲಿಲ್ಲ ಎಂಬ ವರದಿ ಠಾಣೆಯಿಂದ ಬೇಕು, ಸಾಲವಿದ್ದರೆ ಬ್ಯಾಂಕಿನ ಪತ್ರವೂ ಬೇಕು.

ಸಂಜೆಸವಾರ

ಎಲ್ಲರಿಗೂ ಧನ್ಯವಾದ. ಪಾಲಿಸಿ ನೋಡಿದೆ, ಓನ್ ಡ್ಯಾಮೇಜ್ ಮುಂದಿನ ತಿಂಗಳು ಮುಗಿಯುತ್ತೆ, ನವೀಕರಿಸುತ್ತೇನೆ. ಓನರ್ ಆಂಕರಿಗೆ ಒಪ್ಪಿದ್ದಾರೆ. 13ರ ಚೈನ್ ಒಂದೂವರೆ ಮೀಟರ್, ಕಪ್ಲರ್ ಮೂಲಕ ಪಂಪ್ ಕಟ್, ಹಗಲಿಗೆ 6 ಮಿ.ಮೀ ಡಿಸ್ಕ್ ಲಾಕ್. ಅಲಾರಂ ಸದ್ಯ ಬೇಡ. ಬೈಕಿಗೆ ಕವರ್ ಹಾಕಲಾ?

ಘಟ್ಟದಸಾಲು

ಕವರ್ ಹಾಕಿ. ಯಾವ ಬೈಕ್, ಯಾವ ಲಾಕ್ ಅಂತ ಹೊರಗಿಂದ ಕಾಣಲ್ಲ. ಇಂಜಿನ್ ಆರಿದ ಮೇಲೆಯೇ ಹಾಕಿ, ಬಿಸಿ ಸೈಲೆನ್ಸರಿಗೆ ಅಂಟಿಕೊಳ್ಳುತ್ತೆ. ಚೈನ್ ಒಂದೂವರೆ ಮೀಟರ್ ಬೇಕಾ ಅಂತ ಮೊದಲು ಹಗ್ಗದಲ್ಲಿ ಅಳೆಯಿರಿ: ಆಂಕರಿನಿಂದ ಚಕ್ರ, ಸ್ವಿಂಗ್‌ಆರ್ಮ್ ಸುತ್ತಿ ವಾಪಸ್. ಗೋಡೆಗೆ ಹತ್ತಿರ ನಿಲ್ಲಿಸಿದರೆ 1.2 ಸಾಕಾಗುತ್ತೆ, ಉಳಿದ ಸಡಿಲ ನೆಲಕ್ಕೆ ಬೀಳುತ್ತೆ. ಬೀಗದ ಕೀಲಿ ತೂತು ಕೆಳಮುಖ ಇರಲಿ, ಮಳೆಗಾಲಕ್ಕೆ ಮುಂಚೆ ಗ್ರಾಫೈಟ್ ಪುಡಿ ಊದಿ. ಎಂಜಿನ್ ಆಯಿಲ್ ಬಿಡಬೇಡಿ, ದೂಳು ಹಿಡಿದು ಒಳಗಿನ ಪಿನ್ನುಗಳು ಕಚ್ಚಿಕೊಳ್ಳುತ್ತವೆ.